ಹೊಸ್ತಿಲಮ್ಮ ದಾಟಿದ ರಾತ್ರಿ

೧೧ ಫೆಬ್ರುವರಿ ೨೦೨೫, ಮಂಗಳವಾರ

ಬೆಳಗ್ಗೆ ಹಲಗೆಗೆ ಅರಿಸಿನ ಹಚ್ಚಿದೆ. ಹೊಸ್ತಿಲಿಗಲ್ಲ, ಹಲಗೆಗೆ. ಸಿಡ್ನಿಯ ಈ ಫ್ಲ್ಯಾಟಿನ ಹೊಸ್ತಿಲು ಎಂದರೆ ಒಂದು ಅಲ್ಯೂಮಿನಿಯಂ ಪಟ್ಟಿ. ಅದರಾಚೆಯ ಕಾರ್ಪೆಟ್ ಸ್ಟ್ರಾಟಾದವರದು, ಅಂದರೆ ಇಡೀ ಬಿಲ್ಡಿಂಗ್ ನೋಡಿಕೊಳ್ಳುವ ಸಂಘದ್ದು. ಹೋದ ವರ್ಷ ಕಾರಿಡಾರಿನಲ್ಲಿ ಹಳದಿ ಕಲೆ ಎಂದು ಇಮೇಲ್ ಬಂದ ಮೇಲೆ ಬನಿಂಗ್ಸ್ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಪೈನ್ ಮರದ ತುಂಡು ತಂದು ಬಾಗಿಲ ಒಳಗಡೆ ಇಟ್ಟೆ. ಈಗ ಅದೇ ಹೊಸ್ತಿಲಮ್ಮ. ದೇವಿ ಅಡ್ಜಸ್ಟ್ ಮಾಡಿಕೊಂಡಳು, ನಮಗಿಂತ ಬೇಗ.

ನನ್ನ ಗಂಡ ವೆಂಕಟರಾಮ ಇದ್ದಾಗ ನಗುತ್ತಿದ್ದರು. "ಲಿವರ್‌ಪೂಲ್ ಆಸ್ಪತ್ರೆ ಲ್ಯಾಬಲ್ಲಿ ದಿನವೆಲ್ಲ ಬ್ಲಡ್ ಕಲ್ಚರ್ ನೋಡ್ತೀಯ, ಮನೆಗೆ ಬಂದು ಹೊಸ್ತಿಲಿಗೆ ಅರಿಸಿನ." ಹೌದು, ಎರಡೂ ನಾನೇ. ಅವರು ಹೋಗಿ ಆರು ವರ್ಷವಾಯಿತು. ಲ್ಯಾಬಿನಿಂದ ರಿಟೈರ್ ಆಗಿ ಮೂರು. ಈಗ ಅರಿಸಿನ ಒಂದೇ ಉಳಿದಿದೆ.

ಮಧ್ಯಾಹ್ನ ಮೆಲ್ಬರ್ನ್‌ನಿಂದ ನಿಹಾರಿಕಾ ಫೋನ್. ಸ್ಕ್ಯಾನ್ ಚೆನ್ನಾಗಿದೆ. ಐದನೇ ತಿಂಗಳು. ಹಿಂದಿನ ಎರಡು ಬಸಿರೂ ನಾಲ್ಕು ತಿಂಗಳು ದಾಟಿರಲಿಲ್ಲ.

"ಜೂನ್‌ಗೆ ಬರ್ತೀರಲ್ವಾ ವೇದಮ್ಮ? ಬಾಣಂತನ ನಿಮ್ದೇ. ಅತ್ತೆಗೂ ಹೇಳ್ಬಿಟ್ಟಿದೀನಿ."

ಬರುತ್ತೇನೆ ಎಂದೆ. ಬಸ್ಸಿಗೆ ಬರುತ್ತೇನೆ ಅನ್ನುವಷ್ಟು ಸಾಧಾರಣವಾಗಿ. ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ. ಮಕ್ಕಳಾಗದ ನನ್ನನ್ನು ಬಾಣಂತನಕ್ಕೆ ಕರೆದವರು ಇದೇ ಮೊದಲು.

ನಿಹಾರಿಕಾ ನನ್ನ ಎರಡನೇ ರೂಮಿಗೆ ರೆಂಟ್‌ಗೆ ಬಂದ ಹುಡುಗಿ. ಚಿತ್ರದುರ್ಗದ ಕಡೆಯವಳು, ಚಿಕ್ಕಂದಿನಲ್ಲೇ ತಾಯಿ ಹೋದವಳು. ಸ್ಟೂಡೆಂಟ್ ವೀಸಾ, ಒಂದು ಸೂಟ್‌ಕೇಸು, ಒಂದು ಕುಕ್ಕರ್. ಇಲ್ಲಿ ಖಾಯಂ ಇರಲು ಪಿಆರ್ ಸಿಕ್ಕಿ, ವಿಶ್ರುತ್‌ನನ್ನು ಮದುವೆಯಾಗಿ ಹೋಗುವವರೆಗೂ ಇಲ್ಲೇ ಇದ್ದಳು. ಆ ರೂಮಿಗೆ ಮತ್ತೆ ಯಾರನ್ನೂ ಹಾಕಿಕೊಂಡಿಲ್ಲ.

೧೫ ಫೆಬ್ರುವರಿ, ಶನಿವಾರ

ಗೆಳತಿ ಅರುಂಧತಿ ಫೋನ್. ಎರಡು ಬೀದಿ ಆಚೆ ಮನೆ, ಆದರೂ ಫೋನ್.

"ವೇದಾ, ಫೇಮಸ್ ಆಗ್ಬಿಟ್ಟೆ ಕಣೇ! ಗ್ರೂಪ್ ನೋಡು, ಗ್ರೂಪ್ ನೋಡು!"

ನೋಡಿದೆ. ಹೊಸ್ತಿಲಮ್ಮನ ಒಕ್ಕಲಿನವರ ವಾಟ್ಸಾಪ್ ಗ್ರೂಪ್. ಸಿಡ್ನಿ, ಮೆಲ್ಬರ್ನ್ ಎರಡೂ ಕಡೆಯ ಮನೆಗಳು ಅದರಲ್ಲಿವೆ. ನಿಹಾರಿಕಾಳ ಅತ್ತೆ ಜಯಲಕ್ಷ್ಮಿ ಬರೆದಿದ್ದಾರೆ: ಹೋದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ವ್ರತ ಮಾಡಿ ಈ ಕಥೆ ಓದಿಸಿದೆವು, ಸೊಸೆಗೆ ಫಲ ಸಿಕ್ಕಿದೆ, ಮಕ್ಕಳಿಗಾಗಿ ಕಾಯುತ್ತಿರುವವರು ತಪ್ಪದೆ ಓದಿ. ಕೆಳಗೆ ಕಥೆ. 'ಶ್ರೀ ಹೊಸ್ತಿಲಮ್ಮ ವ್ರತಕಥೆ' ಎಂದು ತಲೆಬರಹ. ಮೇಲೆರಡು ಕಮಲ, ಕೆಳಗೆರಡು ಕಮಲ.

ಮೊದಲ ಸಾಲಿಗೇ ಗುರುತು ಸಿಕ್ಕಿತು. ಅದು ವ್ರತಕಥೆಯಲ್ಲ. ನಾನು ಬರೆದದ್ದು. ಇಲ್ಲಿನ ಕನ್ನಡ ಸಂಘದ ೨೦೨೩ರ ದೀಪಾವಳಿ ಸಂಚಿಕೆಗೆ ಕೊಟ್ಟ ಸಣ್ಣಕಥೆ. ಆಗ ಯಾರೂ ಓದಲಿಲ್ಲ. ನಡುವೆ ಇದ್ದ ಮನೆಸಾಲದ ಬ್ರೋಕರ್ ಜಾಹೀರಾತನ್ನು ಎಲ್ಲರೂ ನೋಡಿದರು. ಯಾರೋ ಪುಣ್ಯಾತ್ಮರು ನನ್ನ ಹೆಸರು ಕಿತ್ತು, ಕಮಲ ಅಂಟಿಸಿ ಫಾರ್ವರ್ಡ್ ಮಾಡಿದ್ದಾರೆ. ಹೆಸರು ಹೋದ ಮೇಲೆ ಊರೆಲ್ಲ ಓದಿದೆ.

ಅರುಂಧತಿ ಅಷ್ಟಕ್ಕೆ ಬಿಟ್ಟಿದ್ದರೆ... ಬಿಡುವವಳಲ್ಲ. ಗ್ರೂಪಿನಲ್ಲಿ ಹಾಕಿದ್ದಾಳೆ: "ಇದು ನಮ್ಮ ಎಪ್ಪಿಂಗ್ ವೇದಾವತಿ ಸ್ವಂತವಾಗಿ ಕಲ್ಪಿಸಿ ಬರೆದ ಕಥೆ! ಪ್ರೂಫ್ ನೋಡಿದ್ದೇ ನಾನು!" ಕೊನೆಗೆ ಅವಳದೇ ಚಪ್ಪಾಳೆ, ಚಪ್ಪಾಳೆ, ಚಪ್ಪಾಳೆ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು.

ಅದರ ಕೆಳಗೆ ಒಬ್ಬರದೂ ಮಾತಿಲ್ಲ. ಸಂಜೆಯವರೆಗೂ ಇಲ್ಲ.

೧೬ ಫೆಬ್ರುವರಿ

ನಿಹಾರಿಕಾಗೆ ನಾನೇ ಫೋನ್ ಮಾಡಿದೆ. ನಗುತ್ತಿದ್ದಳು.

"ನಂಗೆ ಗೊತ್ತಿತ್ತು ವೇದಮ್ಮ. ಮೂರನೇ ಲೈನ್‌ಗೇ ಗೊತ್ತಾಯ್ತು, ಇದು ನೀವೇ ಅಂತ. ನೀವು ಸಾರು ಕುದೀವಾಗ ಮಾತಾಡೋ ಥರಾನೇ ಇದೆ. ಅತ್ತೆಗೆ ಹೇಳ್ಲಿಲ್ಲ ಅಷ್ಟೆ. ಅವ್ರು ಎಷ್ಟು ಅತ್ರು ಗೊತ್ತಾ? ಅಕ್ಷತೆ ಹಿಡಿದ ಕೈಯಲ್ಲೇ ಕಣ್ಣೊರೆಸ್ಕೊಂಡು ಮುಖವೆಲ್ಲ ಅಕ್ಕಿ."

ಖುಷಿಯಾಯಿತು. ಬರೆದವಳಿಗೆ ಆಗುವ ಖುಷಿ. ಅದರ ಹಿಂದೆಯೇ ಭಯ.

ಹಳೆಯ ಕಥೆಯನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ತಲೆ ಸರಿಯಾಗಲಿ. ಗಂಡ ಯಾತ್ರೆಗೆ ಹೊರಡುತ್ತಾನೆ. ನಾನು ಬರುವವರೆಗೆ ಹೊಸ್ತಿಲು ದಾಟಬೇಡ ಅನ್ನುತ್ತಾನೆ. ಮೂರನೆಯ ರಾತ್ರಿ ಪಕ್ಕದ ಮನೆಯಿಂದ ಹೆರಿಗೆ ನೋವಿನ ಕೂಗು. ಒಂಟಿ ಹೆಂಗಸು, ಯಾರಾದರೂ ಬನ್ನಿ ಎಂದು ಕೂಗುತ್ತಾಳೆ. ಇವಳು ದಾಟುವುದಿಲ್ಲ. ಕೂಗು ನಿಂತಾಗ ತಿಳಿಯುತ್ತದೆ, ಅದು ಮಾಯೆ, ಇವಳನ್ನು ಪರೀಕ್ಷಿಸಲು ಬಂದದ್ದು. ಬೆಳಗಾಗುವಷ್ಟರಲ್ಲಿ ಹೊಸ್ತಿಲ ಮೇಲೆ ದೇವಿಯಾಗಿ ಕೂತಿರುತ್ತಾಳೆ. ಅರಿಸಿನ ಹಚ್ಚಿ ಕಥೆ ಕೇಳಿದವರ ಮಡಿಲು ತುಂಬುತ್ತದೆ.

ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ: ಆ ಕೂಗು ನಿಜವಾಗಿದ್ದರೆ? "ಬಾಯಿ ಮುಚ್ಕೊಂಡು ಅಕ್ಷತೆ ಹಿಡಿ" ಅಂದಿದ್ದಳು. ಹಿಡಿದೆ. ಅರವತ್ತು ದಾಟಿದ ಮೇಲೆ ಬರೆದೆ. ನನ್ನ ಕಥೆಯಲ್ಲಿ ಕೂಗು ನಿಜ. ಅವಳು ದಾಟುತ್ತಾಳೆ. ಹೆರಿಗೆ ಮಾಡಿಸಿ ಬೆಳಗಿನ ಜಾವ ವಾಪಸು ಬಂದರೆ ಗಂಡ ಬಂದಿದ್ದಾನೆ, ಒಳಗಿಂದ ಅಗಳಿ ಹಾಕಿದೆ. ಬಡಿಯುವುದಿಲ್ಲ. ಹೊಸ್ತಿಲ ಮೇಲೆ, ಹೊರಗಡೆ, ಕೂತುಬಿಡುತ್ತಾಳೆ. ಪಕ್ಕದ ಮನೆಯವಳು ಹಸುಗೂಸನ್ನು ಎತ್ತಿಕೊಂಡು ಬಂದು ಮೊದಲ ದೀಪ ಹಚ್ಚುತ್ತಾಳೆ.

ದೇವಿಯನ್ನು ಕೆಳಗಿಳಿಸಬೇಕು ಅಂತ ಬರೆದದ್ದಲ್ಲ. ನನಗೆ ಅವಳ ಮೇಲೆ ಪ್ರೀತಿ ಜಾಸ್ತಿಯಾಗಿ ಬರೆದದ್ದು. ಇದನ್ನು ಯಾರಿಗೆ ಹೇಳಲಿ.

೧೯ ಫೆಬ್ರುವರಿ, ಬುಧವಾರ

ಗ್ರೂಪ್ ಬಾಯಿ ತೆರೆದಿದೆ.

"ನಮ್ಮ ದೇವರೇ ಸಿಕ್ಕಿದ್ದಾ ಇವರಿಗೆ ಕಥೆ ಕಟ್ಟೋಕೆ?" "ಬೇರೆ ಧರ್ಮದವರ ಬಗ್ಗೆ ಬರೀಲಿ ನೋಡೋಣ ಧೈರ್ಯ ಇದ್ರೆ." "ಸಂಚಿಕೆ ವೆಬ್‌ಸೈಟಿಂದ ತೆಗೀಬೇಕು." ಇದನ್ನು ಹಾಕಿದ ಹುಡುಗ ಜೀವನ್, ಚಾಟ್ಸ್‌ವುಡ್‌ನಲ್ಲಿ ಕೆಲಸ. ಕನ್ನಡ ಓದಲು ಬರುವುದಿಲ್ಲ. ಹೆಂಡತಿ ಓದಿ ಹೇಳಿದಳಂತೆ.

ಅರುಂಧತಿಯ ಗಂಡ ಹಿರಿಯಣ್ಣ ಬರೆದರು: ಅಭಿವ್ಯಕ್ತಿ ಸ್ವಾತಂತ್ರ್ಯ ಖಂಡಿತ ಇರಬೇಕು, ಆದರೆ. 'ಆದರೆ' ಆದ ಮೇಲೆ ಹದಿನೈದು ಸಾಲು.



೨೩ ಫೆಬ್ರುವರಿ, ಭಾನುವಾರ

ಅರುಂಧತಿ ಬಂದಿದ್ದಳು. ಕೋಡುಬಳೆ ಡಬ್ಬಿ ಹಿಡಿದು. ಡಬ್ಬಿ ಹಿಡಿದು ಬಂದರೆ ಕೆಟ್ಟ ಸುದ್ದಿ ಎಂದು ಇಪ್ಪತ್ತು ವರ್ಷದಲ್ಲಿ ಕಲಿತಿದ್ದೇನೆ.

"ಇನ್ಮೇಲೆ ಮಂಗಳವಾರದ ಪೂಜೆಗೆ ಕಥೆ ರೆಕಾರ್ಡಿಂಗ್ ಹಾಕೋಣ ಅಂತಿದಾರೆ ಕಣೇ. ನಿಂಗೂ ವಯಸ್ಸಾಯ್ತು, ಗಂಟಲು ನೋವು ಅಂತಿದ್ಯಲ್ಲ..."

"ಗಂಟಲು ನೋವು ಅಂತ ಯಾವತ್ತಂದೆ?"

"ನೀನೇ ಅಂದಿದ್ದೆ. ಜುಲೈಲಿ."

ಗಂಡ ಹೋದವಳನ್ನು ಪೂಜೆಯಲ್ಲಿ ಮುಂದೆ ಕೂರಿಸುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಕುಂಕುಮದ ತಟ್ಟೆ ನನ್ನ ಮುಂದೆ ಬಂದಾಗ ಒಂದು ಮಾತು ಶುರುವಾಗುತ್ತದೆ, ಮಾತು ಮುಗಿಯುವಾಗ ತಟ್ಟೆ ಮುಂದಿನವರ ಹತ್ತಿರ ಇರುತ್ತದೆ. ಅಷ್ಟು ನಾಜೂಕು. ಆದರೆ ಎಡವದೆ ಗಟ್ಟಿಯಾಗಿ ಕನ್ನಡ ಓದುವವರು ಬೇರೆ ಇಲ್ಲ, ಹಾಗಾಗಿ ಕಥೆ ನನ್ನದು. ಹಿಂದಿನ ಸಾಲಿನಲ್ಲಿ ಕೂತು ಓದುತ್ತಿದ್ದೆ. ಕಥೆ ಮುಗಿದ ಮೇಲೆ ಮೊದಲು ದೇವಿಗೆ, ಆಮೇಲೆ ಹೇಳಿದವರ ತಲೆಗೆ ಅಕ್ಷತೆ ಹಾಕಬೇಕು, ಅದು ನಿಯಮ. ವಾರಕ್ಕೊಮ್ಮೆ ಅಷ್ಟು ಕೈಗಳು ನನ್ನ ತಲೆ ಮುಟ್ಟುತ್ತಿದ್ದವು. ಬೇರೆ ಯಾರು ಮುಟ್ಟುತ್ತಾರೆ ನನ್ನನ್ನು.

ಕೋಡುಬಳೆ ಚೆನ್ನಾಗಿದೆ. ಎಲ್ಲ ತಿಂದೆ, ಸಿಟ್ಟಿಗೆ.

೨ ಮಾರ್ಚ್, ಭಾನುವಾರ

ಜಯಲಕ್ಷ್ಮಿ ಫೋನ್ ಮಾಡಿದರು. ಜಗಳಕ್ಕೆ ಸೆರಗು ಸಿಕ್ಕಿಸಿ ಕೂತಿದ್ದೆ. ಅವರು ಜಗಳ ಆಡಲಿಲ್ಲ.

"ನೋಡಿ ವೇದಾವತಿಯವ್ರೇ, ನಾನೇ ಅತ್ತಿದೀನಿ ಅದಕ್ಕೆ. ಯಾವ್ದೋ ಊರಲ್ಲಿ ಹೀಗೂ ಹೇಳ್ತಾರೆ ಅಂದ್ಕೊಂಡೆ. ಆದ್ರೆ ಅಮ್ಮನ ಕಥೆ ಅಂತ ಅತ್ತಿದ್ದು, ನಿಮ್ ಕಥೆ ಅಂತಲ್ಲ. ಅಮ್ಮ ದಾಟ್ಬಿಟ್ಳು ಅಂತ, ಅಕ್ಷತೆ ಕೈಲಿ ಹಿಡ್ಕೊಂಡು, ಮಗು ಬೇಕು ಅಂತಿರೋ ಹುಡುಗಿ ಬಾಯಲ್ಲೇ ಓದ್ಸಿದೀನಿ ನಾನು. ಎಂಥ ತಪ್ಪು ಮಾಡಿದೆ ಹೇಳಿ."

"ಫಲ ಸಿಕ್ಕಿದೆಯಲ್ಲ," ಅಂದೆ. ಅನ್ನಬಾರದಿತ್ತು.

"ಕೊಟ್ಟವಳು ವಾಪಸ್ ತಗೊಂಡ್ರೆ? ಎರಡು ಸಲ ಆ ಹುಡುಗೀನ ಬಾತ್‌ರೂಮಿಂದ ಎಬ್ಬಿಸ್ಕೊಂಡು ಬಂದಿದ್ದು ನಾನು. ವಿಶ್ರುತ್ ಆಫೀಸಲ್ಲಿದ್ದ. ಮೂರನೇ ಸಲಕ್ಕೆ ನನ್ ಕೈಲಿ ಶಕ್ತಿ ಇಲ್ಲ."

ಸಿಕ್ಕಿಸಿದ ಸೆರಗು ಸಡಿಲಿಸಿದೆ.

ಅವರ ಬೇಡಿಕೆ: ಮತ್ತೆ ವ್ರತ ಮಾಡುತ್ತಾರೆ. ಊರಿನ ಪುರೋಹಿತರನ್ನು ವಿಡಿಯೋ ಕಾಲ್‌ನಲ್ಲಿ ಕೇಳಿದ್ದಾರೆ, ಬರೆದವರ ಬಾಯಿಂದಲೇ ಸರಿಯಾಗಬೇಕಂತೆ. ನಾನು ಹೋಗಿ ಹಳೆಯ ಕಥೆ ಹೇಳಬೇಕು. ನಾನು ಬರೆದದ್ದು ತಪ್ಪು ಎಂದು ದೇವಿಯ ಮುಂದೆ ಒಂದು ಮಾತು.

"ಆಮೇಲೆ ಜೂನ್‌ನಲ್ಲಿ ಬನ್ನಿ, ಎಷ್ಟು ದಿನ ಬೇಕಾದ್ರೂ ಇರಿ, ನಿಮ್ಮನೆ ಥರ. ಇಲ್ದಿದ್ರೆ... ಬಾಣಂತಿ ಇರೋ ಮನೆ. ನಂಗೆ ಭಯ ಆಗತ್ತೆ, ಬೇಜಾರ್ ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡಿಕೊಳ್ಳಲಿ?

೪ ಮಾರ್ಚ್, ಮಂಗಳವಾರ

ಅರುಂಧತಿ ಮನೆಯಲ್ಲಿ ಪೂಜೆ. ಕರೆಯಲಿಲ್ಲ. ಸ್ಟೇಷನ್ನಿಗೆ ಹೋಗುವ ನೆಪದಲ್ಲಿ ಆ ಬೀದಿಯಲ್ಲೇ ಹೋದೆ. ಬಾಗಿಲ ಹೊರಗೆ ಚಪ್ಪಲಿಗಳು. ಒಳಗಿಂದ ರೆಕಾರ್ಡಿಂಗ್ ಗಂಡಸಿನ ದನಿ, ಕಥೆಯನ್ನು ಕ್ರಿಕೆಟ್ ಕಾಮೆಂಟರಿ ಹಾಗೆ ಓದುತ್ತಿದ್ದ.

ನಿಲ್ಲಲಿಲ್ಲ. ಸ್ಟೇಷನ್ನಿಗೆ ಹೋಗಿ ಒಂದು ಕಾಫಿ ಕುಡಿದು ವಾಪಸು ಬಂದೆ.

೧೭ ಮಾರ್ಚ್

ಎರಡು ಮನಸ್ಸು. ಬೆಳಗ್ಗೆ ಹೇಳಿದರೆ ಏನು ಗಂಟು ಹೋಗುತ್ತದೆ ಅನ್ನಿಸುತ್ತದೆ. ಸಂಜೆಗೆ ಬೇಡ ಅನ್ನಿಸುತ್ತದೆ. ಜೀವಮಾನದಲ್ಲಿ ಮುಗಿಸಿದ್ದು ಒಂದೇ ಕಥೆ. ಅದನ್ನೇ ತಪ್ಪು ಅನ್ನಬೇಕೆ? ಲ್ಯಾಬಿನಲ್ಲಿ ಮೂವತ್ತು ವರ್ಷ, ಕಂಡದ್ದನ್ನೇ ಬರೆದವಳು ನಾನು. ಡಾಕ್ಟರು ಹುಬ್ಬು ಗಂಟಿಕ್ಕಿದರೂ ರಿಪೋರ್ಟ್ ಬದಲಾಯಿಸಿದವಳಲ್ಲ.

ಆದರೆ ಇದು ರಿಪೋರ್ಟ್ ಅಲ್ಲ. ನಾನು ದೇವಿಯನ್ನು ಕಂಡಿಲ್ಲ. ಕಂಡದ್ದು ನಿಹಾರಿಕಾಳನ್ನು. ಜ್ವರ ಬಂದಾಗ ನನ್ನ ಹಾಸಿಗೆಯ ತುದಿಯಲ್ಲಿ ಮಲಗುತ್ತಿದ್ದವಳು. ನನ್ನ ಕಥೆ ನನ್ನ ಕೈಯಲ್ಲಿ ಬಾಣಂತನ ಮಾಡಿಸುವುದಿಲ್ಲ, ಮೊಮ್ಮಗು ಕೊಡುವುದಿಲ್ಲ.

ಮೊಮ್ಮಗು ಎಂದು ಬರೆದುಬಿಟ್ಟೆ. ಇರಲಿ.

೨೫ ಮಾರ್ಚ್, ಮಂಗಳವಾರ

ನಿಹಾರಿಕಾಳನ್ನೇ ಕೇಳಿದೆ. ಏನು ಮಾಡಲಿ?

ಅಡುಗೆಮನೆಯಲ್ಲಿದ್ದಳು, ಹಿಂದೆ ಅತ್ತೆಯ ಪಾತ್ರೆ ಸದ್ದು. "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗ್ಮಾಡಿ ವೇದಮ್ಮ," ಅಂದಳು.

ಪಾಪ, ನಡುವೆ ಸಿಕ್ಕಿಬಿದ್ದಿದ್ದಾಳೆ. ಅವಳಿಗೆ ನೆಮ್ಮದಿ ಬೇಕು, ಅಷ್ಟೆ. ಜಯಲಕ್ಷ್ಮಿಗೆ ಹೂಂ ಎಂದು ಮೆಸೇಜ್ ಹಾಕಿದೆ. ಎರಡು ನಿಮಿಷದಲ್ಲಿ ಕೈಮುಗಿದ ಚಿತ್ರ ಬಂತು. ಈಸ್ಟರ್ ವಾರಕ್ಕೆ ಟಿಕೆಟ್ ಬುಕ್ ಮಾಡಿದೆ. ಹಗುರವಾಯಿತು, ನಿಜವಾಗಿಯೂ.

೨೨ ಏಪ್ರಿಲ್, ಮಂಗಳವಾರ. ಮೆಲ್ಬರ್ನ್

ಟಾರ್ನೀಟ್‌ನಲ್ಲಿ ನಿಹಾರಿಕಾಳ ಹೊಸ ಮನೆ. ಇಡೀ ಸಬರ್ಬೇ ಹೊಸದು, ಮರಗಳಿಗೆ ಇನ್ನೂ ಕೋಲು ಕಟ್ಟಿದ್ದಾರೆ. ಜಯಲಕ್ಷ್ಮಿ ಬಾಗಿಲಲ್ಲೇ ಕೈ ಹಿಡಿದುಕೊಂಡರು. ನನಗಿಂತ ಗಿಡ್ಡ, ನನಗಿಂತ ಭಯ. ದ್ವೇಷಿಸಲು ಬಂದವಳಿಗೆ ಅವಕಾಶವೇ ಕೊಡಲಿಲ್ಲ.

ಹತ್ತು ಹನ್ನೆರಡು ಜನ ಹೆಂಗಸರು. ಈ ಸಲ ಮುಂದೆಯೇ ಕೂರಿಸಿದರು. ದೇವಿಯೆಂದು ಇಟ್ಟ ಹಲಗೆಯ ಮುಂದೆ, ಎಲ್ಲರಿಗೂ ಎದುರಾಗಿ. ಎಲ್ಲರೂ ಅಕ್ಷತೆ ಹಿಡಿದು ಮುಷ್ಟಿ ಮುಚ್ಚಿದರು. ಕಥೆ ಮುಗಿಯುವವರೆಗೆ ಮುಷ್ಟಿ ಬಿಚ್ಚುವ ಹಾಗಿಲ್ಲ. ನಿಹಾರಿಕಾ ಗೋಡೆಗೆ ಒರಗಿ, ದಿಂಬಿಟ್ಟುಕೊಂಡು, ಹಸಿರು ಸೀರೆಯಲ್ಲಿ. ಹೊಟ್ಟೆ ಚೆನ್ನಾಗಿ ಕಾಣುತ್ತಿದೆ. ನನ್ನನ್ನೇ ನೋಡುತ್ತಿದ್ದಳು.

ಹಳೆಯ ಕಥೆ ಹೇಳಿದೆ. ಅಜ್ಜಿ ಹೇಳಿದ ಹಾಗೆ, ಒಂದು ಪದ ಬಿಡದೆ. ಚೆನ್ನಾಗಿ ಹೇಳಿದೆ. ಬೇಕೆಂದೇ ಚೆನ್ನಾಗಿ ಹೇಳಿದೆ, ಅರೆಮನಸ್ಸು ಅನ್ನಬಾರದು ಎಂದು. "ಆ ಕೂಗು ನಿಜದ ಕೂಗಲ್ಲ, ತಾಯಿಯನ್ನು ಪರೀಕ್ಷಿಸಲು ಬಂದ ಮಾಯೆ" ಅನ್ನುವಲ್ಲಿ ದನಿ ಏರಿಸಿದೆ. ಕೊನೆಗೆ ಹೇಳಿದೆ: "ನಾನು ಬರೆದದ್ದು ತಪ್ಪು. ಅಮ್ಮ ದಾಟಲಿಲ್ಲ. ಕೂಗಿದವರು ಯಾರೂ ಇರಲಿಲ್ಲ."

ಕೊನೆಯ ವಾಕ್ಯ ಹೇಳು ಎಂದು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದ್ದು, ಜಾಸ್ತಿ ನಂಬಲಿ ಎಂದು.

ಎಲ್ಲರೂ ಎದ್ದು ದೇವಿಗೆ ಅಕ್ಷತೆ ಹಾಕಿದರು, ನನ್ನ ತಲೆಗೆ ಹಾಕಿದರು. ಜಯಲಕ್ಷ್ಮಿ ಕಾಲಿಗೂ ಬಿದ್ದರು, ಬೇಡ ಬೇಡ ಅಂದರೂ. ಯಾರೂ ಅಳಲಿಲ್ಲ. ನಿಹಾರಿಕಾ ಏಳಲಿಲ್ಲ. ಏಳುವುದು ಕಷ್ಟ, ಇರಲಿ ಬಿಡು, ಅಂದರು ಯಾರೋ. ಮುಷ್ಟಿ ಮುಚ್ಚಿಯೇ ಇತ್ತು. ಊಟಕ್ಕೆ ಕೂತಾಗ ನೋಡಿದೆ, ಅಕ್ಕಿಕಾಳು ಅವಳ ತಟ್ಟೆಯ ಪಕ್ಕ ನೆಲದ ಮೇಲೆ ಗುಡ್ಡೆಯಾಗಿ ಬಿದ್ದಿತ್ತು.

೨೩ ಏಪ್ರಿಲ್, ಟಲ್ಲಮರೀನ್ ಏರ್‌ಪೋರ್ಟ್

ಫ್ಲೈಟ್ ಡಿಲೇ. ಬರೆಯದಿದ್ದರೆ ಕೂರಲಾಗುವುದಿಲ್ಲ.

ಬೆಳಗ್ಗೆ ನಿಹಾರಿಕಾ ನನಗೆ ಕಾಫಿ ಬೆರೆಸುತ್ತಿದ್ದಳು. ಅತ್ತೆ ಸ್ನಾನಕ್ಕೆ ಹೋಗಿದ್ದರು. ನನ್ನ ಕಡೆ ತಿರುಗದೆ ಕೇಳಿದಳು.

"ಯಾಕೆ ಹಾಗಂದ್ರಿ?"

"ನಿನಗೋಸ್ಕರ ಕಣೇ. ಜೂನ್‌ಗೆ ಬರಬೇಕಲ್ಲ."

"ಹಳೇ ಕಥೆ ಹೇಳಿ, ಪರವಾಗಿಲ್ಲ. ಅತ್ತೆಗೆ ಸಮಾಧಾನ ಆಗ್ಲಿ. ಆದ್ರೆ ಕೂಗಿದವರು ಯಾರೂ ಇರಲಿಲ್ಲ ಅಂದ್ರಲ್ಲ." ಚಮಚ ತಿರುಗಿಸುತ್ತಲೇ ಇದ್ದಳು. "ಎರಡ್ನೇ ಸಲ ಹೋದಾಗ ಆ ಬಾತ್‌ರೂಮ್‌ನಲ್ಲಿ ನಾನು ಎಷ್ಟು ಕೂಗಿದೆ ಗೊತ್ತಾ ನಿಮ್ಗೆ? ಅತ್ತೆ ಬರೋಕೆ ಮುಂಚೆ. ಆಮೇಲೆ ನಿಮ್ ಕಥೆ ಓದ್ದೆ. ಯಾರೋ ಒಬ್ಳು ಕೇಳಿಸ್ಕೊಂಡು, ಬಾಗ್ಲು ಹೋದ್ರೂ ಹೋಗ್ಲಿ ಅಂತ ಎದ್ದು ಬಂದ್ಲು ಅಂತ. ಅದನ್ನೇ ಹಿಡ್ಕೊಂಡಿದ್ದೆ ನಾನು. ದಿನಾ. ಈಗ ನೀವೇ ಅಂತೀರಾ, ಅದು ಮಾಯೆ. ಇನ್ಯಾರಿಗೋ ಇಟ್ಟ ಟೆಸ್ಟು. So I was just somebody's exam."

ಸಾರಿ ಅಂದೆ, ಇಂಗ್ಲಿಷಿನಲ್ಲಿ, ಅಂಗಡಿಯಲ್ಲಿ ಯಾರಿಗೋ ಕೈ ತಗುಲಿದ ಹಾಗೆ. ಅಷ್ಟರಲ್ಲಿ ಜಯಲಕ್ಷ್ಮಿ ಒದ್ದೆ ತಲೆ ಒರೆಸುತ್ತ ಬಂದರು.

"ಆಂಟಿ, ಸಕ್ಕರೆ ಸಾಕಾ?" ಎಂದಳು ನಿಹಾರಿಕಾ.

ಆಂಟಿ.

ಬರೆಯುವಾಗಲೆಲ್ಲ ನಾನು ಹೊಸ್ತಿಲ ಮೇಲೆ ಕೂತವಳನ್ನೇ ನೋಡುತ್ತಿದ್ದೆ. ನನ್ನನ್ನೇ ಅಲ್ಲಿ ಕೂರಿಸಿಕೊಂಡಿದ್ದೆ, ಒಂಟಿ, ಹೊರಗೆ, ಅಂತ. ಪಕ್ಕದ ಮನೆಯಲ್ಲಿ ಕೂಗಿದವಳಿಗೆ ನಾನು ಹೆಸರೂ ಇಟ್ಟಿರಲಿಲ್ಲ. ನಿಹಾರಿಕಾ ಓದಿದ್ದು ಅವಳ ಕಥೆಯನ್ನು. ಬೋರ್ಡಿಂಗ್ ಕರೆಯುತ್ತಿದ್ದಾರೆ.

೧೧ ಮೇ, ಭಾನುವಾರ

ಮದರ್ಸ್ ಡೇ. ಪ್ರತಿವರ್ಷ ಬರುತ್ತಿದ್ದ ಫೋನ್ ಬರಲಿಲ್ಲ. ಮಧ್ಯಾಹ್ನ ನಾನೇ 'ಹೇಗಿದ್ದೀಯ' ಎಂದು ಹಾಕಿದೆ. ಹೆಬ್ಬೆರಳಿನ ಚಿತ್ರ ಬಂತು, ಅಷ್ಟೆ.

ಗ್ರೂಪಿನಲ್ಲಿ ಎಲ್ಲರೂ ನನ್ನ ಜೊತೆ ಚೆನ್ನಾಗಿದ್ದಾರೆ. ಜೀವನ್ 'ರೆಸ್ಪೆಕ್ಟ್ ಆಂಟಿ' ಎಂದು ಬರೆದಿದ್ದಾನೆ. ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ನನ್ನನ್ನೇ ಓದಲು ಕರೆಯುತ್ತಾರಂತೆ. ಗಂಟಲು ನೋವು ಅಂದೆ.

೨೯ ಮೇ, ಗುರುವಾರ

ಜಯಲಕ್ಷ್ಮಿ ಫೋನ್. "ಯಾವಾಗ ಬರ್ತೀರಾ? ಅಂಟಿನುಂಡೆಗೆ ಗೋಂದು ಇಲ್ಲಿ ಸಿಗೋದು ಚೆನ್ನಾಗಿಲ್ಲ, ಅಲ್ಲಿಂದಲೇ ತನ್ನಿ." ಮಾತಿಗೆ ತಪ್ಪುವವರಲ್ಲ.

ನಿಹಾರಿಕಾ ಏನಂದಳು ಎಂದು ಕೇಳಿದೆ. "ಅವ್ಳೇನಂತಾಳೆ, ಬರ್ಲಿ ಅಂದ್ಲು."

ಹೋಗುತ್ತೇನೆ. ನಾಚಿಕೆ ಬಿಟ್ಟು ಹೋಗುತ್ತೇನೆ.

೧೨ ಜೂನ್, ಗುರುವಾರ. ಟಾರ್ನೀಟ್

ಬಂದು ಮೂರು ದಿನ. ಚಳಿ ಮೂಳೆಗೆ ಇಳಿಯುತ್ತದೆ. ಅಂಟಿನುಂಡೆ ಕಟ್ಟಿದೆ, ಬಟ್ಟೆ ಮಡಿಚಿದೆ, ಬೇಬಿ ಸೀಟ್ ಹಾಕುವಾಗ ವಿಶ್ರುತ್‌ಗೆ ಟಾರ್ಚ್ ಹಿಡಿದೆ. ಒಳ್ಳೆಯ ಹುಡುಗ, ಯಾರಿಗೆ ಯಾರ ಮೇಲೆ ಕೋಪ ಎಂದು ಗೊತ್ತಿಲ್ಲ.

ನಿಹಾರಿಕಾ ಮಾತಾಡಿಸುತ್ತಾಳೆ. ತಿಂಡಿ ಆಯ್ತಾ ಆಂಟಿ, ಹೀಟರ್ ಹಾಕ್ಲಾ ಆಂಟಿ. ಹೋಟೆಲಿನಲ್ಲಿದ್ದ ಹಾಗಿದೆ. ಕಾಲು ಊದಿದೆ, ಎಣ್ಣೆ ಹಚ್ಚಲಾ ಎಂದೆ. ವಿಶ್ರುತ್ ಹಚ್ತಾನೆ ಅಂದಳು.

ನಿನ್ನ ಕೂಗು ನಿಜ ಕಣೇ ಎಂದು ಹೇಳಬೇಕು. ವಾಕ್ಯ ಸಿದ್ಧವಿದೆ. ಅವಳ ಮುಂದೆ ನಿಂತರೆ ಬಾಯಿಗೆ ಬರುವುದು 'ಮಜ್ಜಿಗೆ ಬೇಕಾ'.

೧೪ ಜೂನ್, ಶನಿವಾರ

ಬೆಳಗ್ಗೆ ನಿಹಾರಿಕಾಗೆ ನೀರು ಒಡೆಯಿತು. ಗಡಿಬಿಡಿ. ಆಸ್ಪತ್ರೆಯಲ್ಲಿ ಜೊತೆಗೆ ಇಬ್ಬರನ್ನು ಮಾತ್ರ ಬಿಡುತ್ತಾರೆ. ವಿಶ್ರುತ್ ಒಬ್ಬ. ಇನ್ನೊಬ್ಬರು ಯಾರು ಎಂದು ಅವನು ಕೇಳಿದಾಗ ನಾನು ಚಪ್ಪಲಿ ಹುಡುಕುತ್ತಿದ್ದೆ.

"ಅತ್ತೆ ಬರ್ಲಿ," ಅಂದಳು.

ಜಯಲಕ್ಷ್ಮಿಯೇ ಪೆಚ್ಚಾದರು. "ನೀವು ಮನೇಲಿ ದೀಪ ಹಚ್ಚಿ ಕೂತ್ಕೊಳ್ಳಿ, ಆರದ ಹಾಗೆ ನೋಡ್ಕೊಳ್ಳಿ, ಅದೇ ದೊಡ್ಡ ಕೆಲ್ಸ. ಕೀ ಒಂದೇ ಇರೋದು, ಅದು ವಿಶ್ರುತ್ ಹತ್ರ, ಬಾಗ್ಲು ತಾನೇ ಲಾಕ್ ಆಗತ್ತೆ, ಹೊರಗೆ ಹೋಗ್ಬೇಡಿ ಮತ್ತೆ." ಕಾರು ಹೋಯಿತು.

ದೀಪ ಹಚ್ಚಿದ್ದೇನೆ. ಸಾರು ಮಾಡಿದ್ದೇನೆ. ಮನೆ ಬೆಚ್ಚಗಿದೆ, ಸ್ವಚ್ಛವಾಗಿದೆ, ಒಬ್ಬರೂ ಇಲ್ಲ.

ಮಧ್ಯಾಹ್ನ

ಈಗ ಜಯಲಕ್ಷ್ಮಿ ಫೋನ್. ಪಿಸುಮಾತು. "ತುಂಬಾ ನೋವು ತಿಂತಿದಾಳೆ, ಮಗು ತಿರುಗಿಲ್ಲ ಅಂತಿದಾರೆ. ಪ್ರಾರ್ಥನೆ ಮಾಡಿ." ಹಿಂದೆ ಬಾಗಿಲು ತೆರೆದ ಸದ್ದು. ಅವಳು ಕೂಗಿದ್ದು ಕೇಳಿಸಿತು. ಯಾರ ಹೆಸರೂ ಅಲ್ಲ, ಬರೀ ಕೂಗು. ಫೋನ್ ಕಟ್ಟಾಯಿತು.

ಕರೆದಿಲ್ಲ. ಬೇಡ ಅಂದಿದ್ದಾಳೆ. ಒಳಗೆ ಬಿಡುವುದೂ ಇಲ್ಲ, ಇಬ್ಬರೇ. ಕಾರಿಡಾರಿನಲ್ಲಿ ಕುರ್ಚಿ ಇದ್ದೇ ಇರುತ್ತದೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳಿಗೆ ಕಾರಿಡಾರ್ ಹೊಸದಲ್ಲ. ಕೇಳಿಸಿತು, ಬಂದೆ, ಅಷ್ಟು ಹೇಳಿದರೆ ಸಾಕು. ನರ್ಸ್ ಕೈಲಿ ಹೇಳಿ ಕಳಿಸುತ್ತೇನೆ, ಇಂಗ್ಲಿಷಿನಲ್ಲಾದರೂ.

ಉಬರ್ ಬುಕ್ ಮಾಡಿದೆ. ದೀಪವನ್ನು ಸಿಂಕಿನೊಳಗೆ ಇಟ್ಟಿದ್ದೇನೆ, ಮನೆಗೆ ಬೆಂಕಿ ಹತ್ತಬಾರದು. ಆರಿದರೆ ಆರಲಿ. ಜಯಲಕ್ಷ್ಮಿ ಏನನ್ನುತ್ತಾರೋ ಅನ್ನಲಿ. ಸಾರಿನ ಒಲೆ ಆಫ್. ಶಾಲು ಸಿಕ್ಕಿತು.

ಹೊರಗೆ ಹಾರ್ನ್. ನನ್ನ ಹತ್ತಿರ ಕೀ ಇಲ್ಲ. ಬಾಗಿಲು ಎಳೆದುಕೊಂಡರೆ ಮತ್ತೆ ಒಳಗೆ ಬರುವ ಹಾಗಿಲ್ಲ. ಹೊರಟೆ.